ಬಾರದ ನೀರಿಗೆ ಬಿದ್ದ ಕರ: ಮಲಪ್ರಭಾ ಅಚ್ಚುಕಟ್ಟಿನ ಒಕ್ಕಲು ಮನೆತನಗಳು ಮತ್ತು 1980ರ ಬಂಡಾಯ

ಕರ್ನಾಟಕದ ನೀರಿನ ವ್ಯಾಜ್ಯ ಎಂದೊಡನೆ ನೆರೆರಾಜ್ಯಗಳೂ ನ್ಯಾಯಮಂಡಳಿಗಳೂ ನೆನಪಿಗೆ ಬರುತ್ತವೆ. ರಾಜ್ಯದೊಳಗೇ ಸರ್ಕಾರಕ್ಕೂ ಒಕ್ಕಲು ಮನೆತನಗಳಿಗೂ ನಡುವೆ ನಡೆದ ತಕರಾರಿಗೆ ಮಲಪ್ರಭಾ ಅಚ್ಚುಕಟ್ಟಿನ ನವಲಗುಂದ–ನರಗುಂದದ 1980ರ ಬಂಡಾಯ ಬಹುಮುಖ್ಯ ಸಾಕ್ಷಿ. ನೀರಾವರಿ ಯೋಜನೆಯ ಲೆಕ್ಕ ತಪ್ಪಿದಾಗ ಆ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆಯೇ ಆ ಬಂಡಾಯದ ತಿರುಳು ಎಂಬುದು ಈ ಲೇಖನದ ವಾದ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರದ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ನೀರುಣಿಸಬೇಕೆಂದುಕೊಂಡದ್ದು 2 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ. ಕಾಲುವೆ ಬರುವ ಮುನ್ನ ಈ ಎರೆ ಹೊಲಗಳ ಒಕ್ಕಲುತನ ಮಳೆಯನ್ನೇ ನಂಬಿತ್ತು. ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತಿದ್ದವು. ದುಡಿಮೆ ಮನೆಮಂದಿಯದು, ಬೀಜ ಮನೆಯದು, ಹೊಟ್ಟು-ಕಣಿಕೆ ಎತ್ತುಗಳಿಗೆ. ಹೀಗಾಗಿ ಹೊರಗಿನ ಸಾಲಕ್ಕೆ ಕೈಚಾಚುವ ಅಗತ್ಯ ಕಡಿಮೆಯಿತ್ತು.

ನೀರಾವರಿ ಈ ಸಮತೋಲವನ್ನು ಕದಲಿಸಿತು. ಹೈಬ್ರಿಡ್ ಹತ್ತಿಯ ಜೊತೆಗೆ ಗೊಬ್ಬರ, ಔಷಧಿ, ಬ್ಯಾಂಕಿನ ಸಾಲವೂ ಬಂದವು. 1970ರ ದಶಕದ ಕೊನೆಗೆ ಹತ್ತಿಯ ಧಾರಣೆ ಕುಸಿಯಿತು, ಸಾಲ ಉಳಿಯಿತು. ಕಾಲುವೆಯ ಮೇಲ್ಭಾಗದ ಹೊಲಗಳಲ್ಲಿ ಬಸಿಗಾಲುವೆಯಿಲ್ಲದೆ ನೀರು ನಿಂತು ಸವಳು ಏರಿತು; ಕೊನೆಯಂಚಿನ ಹೊಲಗಳಿಗೆ ನೀರೇ ಸರಿಯಾಗಿ ತಲುಪಲಿಲ್ಲ.

ಇಂಥ ಹೊತ್ತಿನಲ್ಲಿ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರದ ವಸೂಲಿಯೂ ಶುರುವಾಯಿತು. ಇದಕ್ಕೆ ಆಧಾರ 1957ರ ಕಾಯ್ದೆ: ನೀರಾವರಿಯಿಂದ ಜಮೀನಿನ ಬೆಲೆ ಏರುತ್ತದೆ, ಆ ಲಾಭದ ಪಾಲು ಸರ್ಕಾರಕ್ಕೆ ಸಲ್ಲಬೇಕು. ನೀರು ಕಾಣದ ಹೊಲದ ಬೆಲೆ ಏರಿದ್ದಾದರೂ ಹೇಗೆ ಎಂಬ ರೈತರ ಪ್ರಶ್ನೆಗೆ ಈ ತರ್ಕದಲ್ಲಿ ಉತ್ತರವಿರಲಿಲ್ಲ.

1980ರಲ್ಲಿ ಮಲಪ್ರಭಾ ನೀರಾವರಿ ಪ್ರದೇಶ ರೈತ ಸಮನ್ವಯ ಸಮಿತಿ ಹುಟ್ಟಿತು. ಮನವಿಗಳಿಗೆ ಫಲ ಸಿಗದೆ, ಧರಣಿ ತಹಶೀಲ್ದಾರ್ ಕಚೇರಿಗಳ ಮುಂದೆ ಬಂತು. ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು. ಗೋಲಿಬಾರಿನಲ್ಲಿ ರೈತರು ಸತ್ತರು; ನರಗುಂದದಲ್ಲಿ ಪೊಲೀಸರೂ ಜೀವ ಕಳೆದುಕೊಂಡರು. ಚಳವಳಿ ರಾಜ್ಯವಿಡೀ ಹಬ್ಬಿದಾಗ ಗುಂಡೂರಾವ್ ಸರ್ಕಾರ ಅಭಿವೃದ್ಧಿ ಕರದ ವಸೂಲಿಯನ್ನು ತಡೆಹಿಡಿಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಜುಲೈ 21 ಇಂದಿಗೂ ರೈತ ಹುತಾತ್ಮ ದಿನ.

ಇಂಥ ಚಳವಳಿಗಳು ಅನುಕೂಲಸ್ಥ ರೈತರವೇ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ನೀರಾವರಿ ಜಮೀನು ಇದ್ದವರೇ ಮುಂದೆ ನಿಂತದ್ದು ನಿಜ, ಭೂಹೀನ ಕೂಲಿಕಾರರ ಬೇಡಿಕೆಗಳು ಹಿಂದೆ ಸರಿದದ್ದೂ ನಿಜ. ಆದರೆ ಕಾಲುವೆಯ ಕೊನೆಯಂಚಿನಲ್ಲಿ ನಾಲ್ಕಾರು ಎಕರೆ ಉಳುವ ಕುಟುಂಬಕ್ಕೂ ಅದೇ ಕರ, ಅದೇ ಸಾಲ ಬಿದ್ದಿತ್ತು. ತಡೆದುಕೊಳ್ಳುವ ಶಕ್ತಿ ಮಾತ್ರ ಎಲ್ಲರಿಗಿಂತ ಕಡಿಮೆ.

2015ರಲ್ಲಿ, ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗಾಗಿ ನರಗುಂದ ಮತ್ತೆ ಹೋರಾಟಕ್ಕಿಳಿಯಿತು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಮಲಪ್ರಭಾ ಕಣಿವೆಗೆ ಹೊಸ ನೀರು ಬರುವುದು ಅಗತ್ಯ. ಆದರೆ 1980ರ ಪಾಠ ಬೇರೊಂದು ಅಳತೆಯನ್ನು ಕೇಳುತ್ತದೆ: ಕಾಲುವೆಯ ಕಟ್ಟಕಡೆಯ ಹೊಲಕ್ಕೆ ಎಷ್ಟು ನೀರು, ಯಾವ ಹಂಗಾಮಿನಲ್ಲಿ ಮುಟ್ಟಿತು ಎಂಬ ದಾಖಲೆ. ಅದಿಲ್ಲದೆ ಹಾಕುವ ಯಾವ ಕರಕ್ಕೂ ನೈತಿಕ ಆಧಾರವಿಲ್ಲ.