ಕುಳವಾಡಿಯ ಹೆಜ್ಜೆ: ಹಾಸನ ಸೀಮೆಯ ಚರಿತ್ರೆಗೆ ಒಂದು ಟಿಪ್ಪಣಿ

ಹಿಂದಿನ ವರ್ಷ ಪದವಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದೆ. ನಿಮ್ಮ ನಿಮ್ಮ ಊರಿನ, ಇಲ್ಲವೇ ಹತ್ತಿರದ ಯಾವುದಾದರೂ ಚಾರಿತ್ರಿಕ ಸ್ಥಳವನ್ನು ನೋಡಿಕೊಂಡು ಬಂದು ನಾಲ್ಕು ಪುಟ ಬರೆಯಿರಿ ಅಂತ. ಹಾಸನ ಜಿಲ್ಲೆಯ ಹುಡುಗರಿಗೆ ಇದೇನು ಕಷ್ಟದ ಕೆಲಸವಲ್ಲ. ಎತ್ತ ತಿರುಗಿದರೂ ಒಂದು ಗುಡಿ, ಒಂದು ವೀರಗಲ್ಲು, ಒಂದು ಬಸದಿ. ವಾರದೊಳಗೆ ಮೇಜಿನ ಮೇಲೆ ಬೇಲೂರು, ಹಳೇಬೀಡುಗಳೇ ರಾಶಿ ಬಿದ್ದವು. ಒಬ್ಬ ಮಾತ್ರ ಬರಿಗೈಲಿ ಬಂದು ನಿಂತ. ಯಾಕೋ ಅಂದರೆ, 'ನಮ್ಮೂರಲ್ಲಿ ಇತಿಹಾಸ ಇಲ್ಲ ಸಾ' ಅಂದ. ಹುಡುಗ ನಮ್ಮ ಕೇರಿಯವನೇ. ಅವನ ಊರು ಎಂದರೆ ಕೇರಿ ಎಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಎಂ.ಎ. ಮುಗಿಸಿ ಬಂದು, ಹೊಯ್ಸಳರ ವಂಶಾವಳಿಯನ್ನು ಬಾಯಿಪಾಠ ಒಪ್ಪಿಸುವ ನಾನೂ ಒಳಗೊಳಗೇ ಅದನ್ನೇ ನಂಬಿದ್ದೆನಲ್ಲ ಎನ್ನಿಸಿ ಕಸಿವಿಸಿಯಾಯಿತು. ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಜಿಲ್ಲೆಯನ್ನು ಮತ್ತೊಮ್ಮೆ ಸುತ್ತುತ್ತಿದ್ದೇನೆ. ಈ ಸಲ ಗುಡಿಯಿಂದ ಕೇರಿಗಲ್ಲ, ಕೇರಿಯಿಂದ ಗುಡಿಗೆ.

ಬೇಲೂರಿನಿಂದಲೇ ಶುರು ಮಾಡೋಣ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯ 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿನ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದುಕೊಂಡಿದ್ದಾರೆ ಎಂಬುದು ನಮ್ಮ ವಿದ್ವಾಂಸರಿಗೆ ಬಹಳ ಹೆಮ್ಮೆಯ ಸಂಗತಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೆಮ್ಮೆ ಸರಿಯೇ. ದುಡಿದವನ ಹೆಸರು ಉಳಿಯುವುದು ಸಣ್ಣ ಮಾತಲ್ಲ. ಆದರೆ ಇದೇ ಗುಡಿಗೆ ಅಂಟಿಕೊಂಡ ಇನ್ನೊಂದು ಕತೆ ಇದೆ. ಬಿ.ಎಲ್. ರೈಸ್ ತನ್ನ ಮೈಸೂರು ಗ್ಯಾಸೆಟಿಯರಿನಲ್ಲಿ ಅದನ್ನು ಬರೆದಿಟ್ಟಿದ್ದಾನೆ. ದೇವರು ಬೇಲೂರಿಗೆ ಬಂದಾಗ ದೇವಿ ಬಾಬಾಬುಡನ್ ಬೆಟ್ಟದಲ್ಲೇ ಉಳಿದುಬಿಟ್ಟಳಂತೆ. ಆಕೆಯನ್ನು ನೋಡಲು ದೇವರು ಆಗಾಗ ಬೆಟ್ಟಕ್ಕೆ ನಡೆದು ಹೋಗಬೇಕು. ಅದಕ್ಕಾಗಿ ಗುಡಿಯಲ್ಲಿ ಒಂದು ಜೊತೆ ದೊಡ್ಡ ಮೆಟ್ಟು. ಮೆಟ್ಟು ಸವೆದಾಗ ಚನ್ನಗಿರಿ, ಬಸವಾಪಟ್ಟಣಗಳ ಮಾದಿಗರ ಕನಸಿನಲ್ಲಿ ಅದು ತಿಳಿಯುತ್ತದೆ. ಅವರು ಹೊಸ ಜೋಡು ಹೊಲಿದು ತರುತ್ತಾರೆ. ಅದನ್ನು ಒಪ್ಪಿಸುವುದಕ್ಕೆಂದು ಅವರಿಗೆ ಗುಡಿಯ ಅಂಗಳದವರೆಗೆ ಪ್ರವೇಶ.

ಈ ಕತೆಯನ್ನು ನಮ್ಮ ಉದಾರವಾದಿ ಪಂಡಿತರು ಹೇಳುವ ದಾಟಿ ಗೊತ್ತಲ್ಲ. ನೋಡಿ, ಆ ಕಾಲದಲ್ಲೇ ಎಂಥ ಸಾಮರಸ್ಯ! ದೇವರೇ ಮಾದಿಗನ ಕನಸಿಗೆ ಬಂದ! ನಾನು ಇದನ್ನು ಬೇರೆ ರೀತಿ ಓದುತ್ತೇನೆ. ಬೇಲೂರಿಗೂ ಚನ್ನಗಿರಿಗೂ ನಡುವೆ ಎಷ್ಟು ದೂರ? ಅಷ್ಟು ದೂರದ ಚಮ್ಮಾರನ ಬಳಿಗೆ ಕರೆಯೋಲೆ ಹೋಗುವುದಿಲ್ಲ, ಕೂಲಿಯ ಮಾತು ಹೋಗುವುದಿಲ್ಲ, ಕನಸು ಹೋಗುತ್ತದೆ. ಹಗಲೆಲ್ಲ ಊರ ಗೌಡನ ಬಿಟ್ಟಿ, ರಾತ್ರಿ ನಿದ್ದೆಯಲ್ಲಿ ದೇವರ ಬಿಟ್ಟಿ. ಕನಸಿನಲ್ಲಿ ಬಂದ ಅಪ್ಪಣೆಯ ಮುಂದೆ ಚೌಕಾಸಿ ಮಾಡುವುದು ಹೇಗೆ? ಕೊನೆಗೆ ಅವನಿಗೆ ಸಿಕ್ಕಿದ್ದು ಅಂಗಳ. ದಾಸೋಜನಿಗೆ ಹೆಸರಾದರೂ ಉಳಿಯಿತು. ಜೋಡು ಹೊಲಿದ ಒಬ್ಬನ ಹೆಸರೂ ಈ ಕತೆಯಲ್ಲಿಲ್ಲ. ಅಲ್ಲಿ ಅವರೆಲ್ಲ ಬರೀ 'ಮಾದಿಗರು'.

ಹಾಗೆಂದು ಕತೆಯನ್ನು ಎಸೆದುಬಿಡಬೇಕಾಗಿಲ್ಲ. ಮಾದಿಗನ ಕೈ ತಾಗದೆ ಈ ದೇವರು ಹೆಂಡತಿಯ ಹತ್ತಿರವೂ ಹೋಗಲಾರ ಎಂಬ ಒಪ್ಪಿಗೆ ಅದರೊಳಗೇ ಇದೆ. ಪುರೋಹಿತಶಾಹಿ ಮುಚ್ಚಿಡಲಾಗದೆ ಬಿಟ್ಟ ಒಪ್ಪಿಗೆ ಅದು.

ಶ್ರವಣಬೆಳಗೊಳದಲ್ಲಿ ಇಂಥದೇ ಇನ್ನೊಂದು ಆಟ. ಚಾವುಂಡರಾಯ ಗೊಮ್ಮಟನಿಗೆ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಪಾದ ಮುಟ್ಟಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿ ಸಿಪ್ಪೆಯಲ್ಲಿ ತಂದ ಹಾಲು ಮೈಯೆಲ್ಲ ತೋಯಿಸಿ ಹರಿಯಿತಂತೆ. ಗುಳ್ಳಕಾಯಜ್ಜಿಯ ಮೂರ್ತಿ ಬೆಟ್ಟದ ಮೇಲೆ ಇವತ್ತಿಗೂ ಇದೆ. ಎಷ್ಟು ಚೆಂದದ ಕತೆ! ಆದರೆ ಕೊನೆಗೆ ಅವಳು ಅಜ್ಜಿಯಲ್ಲ, ವೇಷ ಮರೆಸಿಕೊಂಡು ಬಂದ ಕೂಷ್ಮಾಂಡಿನಿ ಯಕ್ಷಿ ಎಂದುಬಿಡುತ್ತಾರೆ. ಬಡ ಮುದುಕಿ ಬಡ ಮುದುಕಿಯಾಗಿಯೇ ಮಂತ್ರಿಯನ್ನು ಸೋಲಿಸಲು ಬಿಡಲಿಲ್ಲ ನೋಡಿ.

ಹಳೇಬೀಡಿನ ಹೊಯ್ಸಳೇಶ್ವರದ ಹತ್ತಿರ ಕುವರ ಲಕ್ಷ್ಮನ ಗರುಡಗಂಬವಿದೆ. ಇಮ್ಮಡಿ ಬಲ್ಲಾಳ ಸತ್ತಾಗ ಅವನೊಂದಿಗೆ ಪ್ರಾಣ ಬಿಟ್ಟ ನಂಬಿಗಸ್ತರ ನೆನಪಿನ ಕಂಬ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಗಂಡಸರ ಚಿತ್ರಗಳಿವೆ. ಒಡೆಯನಿಗಾಗಿ ಸತ್ತರೆ ಕಲ್ಲು ಸಿಗುತ್ತದೆ, ಊರಿಗಾಗಿ ಬದುಕಿದರೆ ಸಿಗುವುದಿಲ್ಲ. ಹಲ್ಮಿಡಿಯೂ ಬೇಲೂರು ತಾಲ್ಲೂಕಿನದೇ. ಸುಮಾರು 450ರದೆಂದು ಹೇಳುವ ಅಲ್ಲಿನ ಶಾಸನವನ್ನು ಕನ್ನಡದ ಮೊದಲ ಶಾಸನವೆಂದು ಬಹುಕಾಲ ಓದಿದೆವು. ತಾಳಗುಂದದ್ದು ಅದಕ್ಕೂ ಹಳೆಯದೆಂಬ ವಾದ ಈಗ ಇದೆ, ಇರಲಿ. ನಾವು ಅದರ ಭಾಷೆಯನ್ನೇ ನೋಡಿದೆವು, ವಿಷಯ ನೋಡಲಿಲ್ಲ. ಅದು ಯುದ್ಧ ಗೆದ್ದವನಿಗೆ ಊರನ್ನೇ ಕೊಟ್ಟ ಪತ್ರ. ಆ ಊರಿನ ಗದ್ದೆಯಲ್ಲಿ ಆಗ ಯಾರು ಬಗ್ಗಿ ನಿಂತಿದ್ದರು?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಸಿಕ್ಕಿದ್ದು ಒಂದು ಹಳೆಯ ಬರಹ. 1873ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕ್ಯಾಪ್ಟನ್ ಜೆ.ಎಸ್.ಎಫ್. ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ನಮ್ಮ ಹಾಸನ ಸೀಮೆಯ ಹೊಲೆಯರ ಬಗ್ಗೆ ಬರೆದದ್ದು. (ಕೈಫಿಯತ್ತುಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಜಿ ಬೇರೆ.) ಬ್ರಾಹ್ಮಣ ಹೊಲಗೇರಿಯನ್ನು ಹಾದು ಹೋದರೆ ತನಗೆ ಅದೃಷ್ಟ ಎಂದು ತಿಳಿಯುತ್ತಾನೆ, ಆದರೆ ಹೊಲೆಯರು ಅದಕ್ಕೆ ಬಿಡುವುದಿಲ್ಲ, ಬಂದರೆ ಗುಂಪಾಗಿ ಬಂದು ಮೆಟ್ಟಿನಿಂದ ಹೊಡೆಯುತ್ತಾರೆ ಎಂದು ಅವನು ಬರೆಯುತ್ತಾನೆ. ಬೇರೆ ಜಾತಿಯವರು ಬಾಗಿಲವರೆಗೆ ಬರಬಹುದು, ಒಳಗೆ ಬಂದರೆ ಮನೆಗೆ ಕೇಡು. ಬಂದವನ ಬಟ್ಟೆ ಹರಿದು, ತುದಿಗೆ ಉಪ್ಪು ಕಟ್ಟಿ ಆಚೆ ಅಟ್ಟುತ್ತಾರೆ. ಅಂಬೇಡ್ಕರ್ 1948ರ 'ದಿ ಅನ್‌ಟಚಬಲ್ಸ್' ಗ್ರಂಥದಲ್ಲಿ ಈ ಭಾಗವನ್ನು ಎತ್ತಿಕೊಂಡಿದ್ದಾರೆ. ದೆಹಲಿಯಲ್ಲಿ ಕೂತು ಬಾಬಾಸಾಹೇಬರು ಓದಿದ್ದು ನಮ್ಮ ಕೇರಿಯನ್ನು ಎಂದು ತಿಳಿದ ದಿನ ನಾನು ಗ್ರಂಥಾಲಯದಿಂದ ಎದ್ದು ಹೊರಗೆ ಬಂದು ಸುಮ್ಮನೆ ನಿಂತಿದ್ದೆ.

ಮೆಕೆಂಜಿ ಇನ್ನೊಂದು ಸಂಗತಿ ಹೇಳುತ್ತಾನೆ. ಎರಡು ಊರುಗಳ ನಡುವೆ ಗಡಿಯ ಜಗಳ ಬಂದರೆ ತೀರ್ಮಾನ ಹೇಳುವವನು ಹೊಲಗೇರಿಯ ಕುಳವಾಡಿ. ಗೌಡನಲ್ಲ, ಶಾನುಭೋಗನಲ್ಲ. ಊರಿನ ಮಣ್ಣನ್ನು ಉಂಡೆ ಕಟ್ಟಿ, ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಅವನು ಗಡಿಯುದ್ದಕ್ಕೂ ನಡೆಯಬೇಕು. ಸರಿದಾರಿಯಲ್ಲಿ ನಡೆದರೆ ಏನೂ ಇಲ್ಲ. ಅರಿಯದೆ ಒಂದು ಹೆಜ್ಜೆ ತಪ್ಪಿದರೂ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬುದು ಜನರ ನಂಬಿಕೆ.

ಇದನ್ನು ನಾನು ತಾತನಿಗೆ ಓದಿ ಹೇಳಿದೆ. ಅವರಪ್ಪ, ಅಂದರೆ ನನ್ನ ಮುತ್ತಾತ, ಊರಿನ ಕುಳವಾಡಿ. ಮನೆಯ ಅಟ್ಟದಲ್ಲಿ ಗಂಟೆಬಟ್ಟಲು ಇನ್ನೂ ಇದೆ, ಹಿತ್ತಾಳೆ ಕಪ್ಪಾಗಿದೆ. ತಾತ ನಕ್ಕರು. 'ಆ ಬಿಳಿಯನಿಗೆ ಯಾರೋ ನಮ್ಮೋರೇ ಹೇಳಿರ್ಬೇಕು ಕಣ. ನಮ್ಮಪ್ಪ ಮಣ್ಣು ಹೊತ್ತಿದ್ದು ನಾ ನೋಡಿಲ್ಲ. ಆದ್ರೆ ಕಲ್ಲು ಎಲ್ಲೆಲ್ಲವೆ ಅನ್ನೋದು ಅವನಿಗೆ ಕಣ್ಮುಚ್ಕೊಂಡು ಗೊತ್ತಿತ್ತು.'

ಈಗ ನಮ್ಮ ಗೆಳೆಯರಲ್ಲಿ ಕೆಲವರು ಇಂಥ ದಾಖಲೆ ಸಿಕ್ಕ ಕೂಡಲೇ, ನಾವೇ ಈ ನೆಲದ ಮೂಲ ಒಡೆಯರು, ನಾವೂ ಅರಸರಾಗಿದ್ದೆವು ಎಂದು ಹೊರಟುಬಿಡುತ್ತಾರೆ. ಹೊಲೆಯರೇ ಮೊದಲು ಈ ನೆಲ ಹಿಡಿದವರು ಎಂದು ಮೆಕೆಂಜಿಯೂ ಊಹಿಸುತ್ತಾನೆ. ಊಹೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ದಲಿತ ವಿಮರ್ಶೆ ಅಲ್ಲಿಗೇ ನಿಂತರೆ ಹೊಯ್ಸಳ ವಂಶಾವಳಿಯ ಜಾಗದಲ್ಲಿ ನಮ್ಮದೊಂದು ವಂಶಾವಳಿ ಬರೆದಂತಾಯಿತು, ಅಷ್ಟೆ. ನನಗೆ ಮುಖ್ಯವಾಗಿ ಕಾಣುವುದು ಆ ಮಣ್ಣಿನ ಉಂಡೆ. ಊರಿನ ನಕಾಶೆ ಕಾಗದದ ಮೇಲೆ ಬರುವ ಮೊದಲು ಅದು ಹೊಲೆಯನ ಕಾಲಲ್ಲಿತ್ತು. ಅವನ ತಿಳಿವಳಿಕೆಯನ್ನು ಊರು ನಂಬುತ್ತಿತ್ತು, ಅವನನ್ನು ನಂಬುತ್ತಿರಲಿಲ್ಲ. ಅದಕ್ಕೇ ತಲೆಯ ಮೇಲೆ ಸಾವನ್ನು ಹೊರಿಸಿ ನಡೆಸುತ್ತಿತ್ತು. ಶಾನುಭೋಗ ಲೆಕ್ಕದಲ್ಲಿ ತಪ್ಪಿದರೆ ಅವನ ಮನೆ ಹಾಳಾಗುತ್ತದೆಂಬ ನಂಬಿಕೆ ನಾನು ಎಲ್ಲೂ ಕೇಳಿಲ್ಲ. ಮತ್ತೆ, ಇಡೀ ಊರಿನ ಎಲ್ಲೆ ಬಲ್ಲವನಿಗೆ ಆ ಎಲ್ಲೆಯೊಳಗೆ ಇದ್ದದ್ದೆಷ್ಟು? ಚಾಕರಿಗೆ ಬಿಟ್ಟ ತುಂಡು ಇನಾಮು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಚಾಕರಿ ಹೋಯಿತು, ಒಳ್ಳೆಯದೇ ಆಯಿತು. ನಮ್ಮ ತುಂಡು ಹೇಗೆ ಹೋಯಿತೆಂದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮದುವೆಯ ಸಾಲ ಎನ್ನುವುದು ಅಜ್ಜಿಯ ವಾದ.

ಹಳೆಯ ಮಾತೆಲ್ಲ ಮುಗಿದ ಕತೆ ಎನ್ನುವವರಿಗೆ ಇಷ್ಟು ನೆನಪಿಸಬೇಕು. 2015ರಲ್ಲಿ ಇದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಂಗಸರು ಗುಡಿಯೊಳಗೆ ಹೋದದ್ದೇ ದೊಡ್ಡ ರಂಪವಾಗಿ ಪತ್ರಿಕೆಗಳಲ್ಲಿ ಬಂತು. ಬೇಲೂರಿನ ಅಂಗಳ ಅಷ್ಟೇನೂ ದೂರ ಹೋಗಿಲ್ಲ.

ಆ ಹುಡುಗನನ್ನು ಮತ್ತೆ ಕರೆದು, ನಿನ್ನೂರಿನ ಗಡಿಯನ್ನು ಯಾರಾದರೂ ಹಿರಿಯರ ಜೊತೆ ನಡೆದುಕೊಂಡು ಬಾ, ಅದನ್ನೇ ಬರಿ ಎಂದೆ. ಹೇಳಿದ ಮೇಲೆ ನಾನೂ ನಡೆಯಬೇಕಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ತಾತನ ಜೊತೆ ಹೊರಟೆ. ಮೊದಲ ಕಲ್ಲು ಕೆರೆಯ ಕೋಡಿಯ ಹತ್ತಿರ, ಎರಡನೆಯದು ಹುಣಸೆ ಮರದಡಿ. ಮೂರನೆಯದು ಇರಬೇಕಾದ ಕಡೆ ಶುಂಠಿ ಹಾಕಿದ್ದರು, ತಂತಿಬೇಲಿ. ತಾತ ಬೇಲಿಯ ಈಚೆಯೇ ನಿಂತು ಕೋಲು ಚಾಚಿ ತೋರಿಸಿದರು. 'ಅಗೋ, ಆ ಮೂರನೇ ಸಾಲಲ್ಲಿ. ಕೆಳಗೆ ಇದ್ಲು ಹಾಕಿರ್ತಾರೆ, ಬೇಕಾರೆ ಅಗೆದು ನೋಡು.' ಒಳಗೆ ಹೋಗೋಣ ಬಾ ತಾತ, ಯಾರೂ ಇಲ್ಲ ಅಂದೆ. ಅವರು ಬರಲಿಲ್ಲ. ನಾನು ತಂತಿ ಎತ್ತಿ ಒಳಗೆ ನುಗ್ಗಿದೆ.