ಬಣ್ಣ ಹೋದ ಮೇಲೆ ಉಳಿಯುವ ಹೆಸರು

ಡೇಟಾ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಕಟ ಇದು. ಯಾರೋ ಎಂದೋ ತುಂಬಿಟ್ಟ ಪಟ್ಟಿ ಕೈಗೆ ಬರುತ್ತೆ. ಒಂದೇ ವಸ್ತುವಿಗೆ ಮೂರು ಹೆಸರು, ಮೂರು ವಸ್ತುಗಳಿಗೆ ಒಂದೇ ಹೆಸರು. ತುಂಬಿದವರನ್ನೇ ಕೇಳೋಣ ಅಂದ್ರೆ ಅವರು ಸಿಗೋದಿಲ್ಲ. ಆಲಿಸ್ ಪ್ರುವೋ-ಫೋಲ್ ಕೈಗೆತ್ತಿಕೊಂಡ ಪಟ್ಟಿಗೆ ನೂರು ವರ್ಷ ವಯಸ್ಸಾಗಿತ್ತು. ಅದರಲ್ಲಿದ್ದವು ಸ್ಪಿರಿಟ್‌ನಲ್ಲಿ ಮುಳುಗಿಸಿಟ್ಟ ಜೀವಿಗಳು.

1873ರಲ್ಲಿ ಹುಟ್ಟಿದ ಈ ಫ್ರೆಂಚ್ ಪ್ರಾಣಿಶಾಸ್ತ್ರಜ್ಞೆ ಅಧ್ಯಯನ ಮಾಡಿದ್ದು ಸೀ ಸ್ಲಗ್‌ಗಳನ್ನು. ನಮ್ಮ ತೋಟದ ಬಸವನಹುಳುವಿನ ಸಮುದ್ರದ ನೆಂಟರು ಅನ್ನಬಹುದು. ಬಹುಪಾಲಿಗೆ ಚಿಪ್ಪಿಲ್ಲ, ಇದ್ದರೂ ಸಣ್ಣದು. ಕೆಲವಕ್ಕೆ ಬೆನ್ನಿನ ಮೇಲೆ ಕಿವಿರುಗಳು ಹೂವಿನಂತೆ ಅರಳಿರುತ್ತವೆ. ನೀರಿನಲ್ಲಿ ಅವುಗಳ ಬಣ್ಣ ನೋಡಲು ಎರಡು ಕಣ್ಣು ಸಾಲದು. ಆದರೆ ಸ್ಪಿರಿಟ್‌ಗೆ ಹಾಕಿದರೆ ಮೈ ಮುದುಡುತ್ತೆ, ಬಣ್ಣ ಬಿಟ್ಟುಹೋಗುತ್ತೆ. ಕೊನೆಗೆ ಎಲ್ಲವೂ ಒಂದೇ ಥರ ಬಿಳಿಚಿದ ಮುದ್ದೆ.

1826ರಿಂದ 1829ರವರೆಗೆ ಅಸ್ಟ್ರೊಲಾಬ್ ಹಡಗಿನಲ್ಲಿ ಪೆಸಿಫಿಕ್ ಸುತ್ತಿದ ಕ್ವಾ ಮತ್ತು ಗೇಮಾರ್ ಎಂಬ ನೌಕಾ ವೈದ್ಯರು ಇಂಥ ಅನೇಕ ಜೀವಿಗಳನ್ನು ಹಿಡಿದು, ವರ್ಣಿಸಿ, ಚಿತ್ರಸಮೇತ ಪ್ರಕಟಿಸಿದರು. ಕಪ್ಪು-ಬಿಳಿ ಪಟ್ಟೆಯ ಮೈಗೆ ಕಿತ್ತಳೆ ಅಂಚಿರುವ 'ಕ್ರೋಮೋಡೋರಿಸ್ ಮ್ಯಾಗ್ನಿಫಿಕಾ' ಅವರು ಹೆಸರಿಟ್ಟದ್ದೇ. ಅವರ ಸಂಗ್ರಹ ಪ್ಯಾರಿಸ್‌ನ ಮ್ಯೂಸಿಯಂ ಸೇರಿತು. ಹಳೆಯ ಚಿತ್ರದಲ್ಲಿ ಬಣ್ಣವಿದೆ, ಒಳಗಿನ ರಚನೆಯಿಲ್ಲ. ಬಾಟಲಿಯಲ್ಲಿ ಒಳಗಿನ ರಚನೆಯಿದೆ, ಬಣ್ಣವಿಲ್ಲ. ಎರಡನ್ನೂ ತಾಳೆ ನೋಡಿ, ಯಾವ ಹೆಸರು ಯಾವ ಪ್ರಾಣಿಯದು ಎಂದು ಬಿಡಿಸುವುದೇ ಪ್ರುವೋ-ಫೋಲ್ ಅವರ ಕೆಲಸ. ಆ ಅಧ್ಯಯನ 1934ರಲ್ಲಿ ಪ್ರಕಟವಾಯಿತು.

ಇಲ್ಲೊಂದು ವಿಚಿತ್ರ ನಿಯಮವಿದೆ. ಪ್ರಾಣಿಶಾಸ್ತ್ರದಲ್ಲಿ ಪ್ರಭೇದದ ಹೆಸರಿನ ಮುಂದೆ ಅದನ್ನು ಮೊದಲು ಹೆಸರಿಸಿದವರ ಹೆಸರು ಬರುತ್ತೆ. 'ಕ್ವಾ ಮತ್ತು ಗೇಮಾರ್, 1832' ಅಂತ ಇವತ್ತಿಗೂ ಬರೆಯುತ್ತಾರೆ. ಗೊಂದಲ ಬಿಡಿಸಿದವರಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಪ್ರುವೋ-ಫೋಲ್ ತಾವೂ ಹೊಸ ಹೆಸರುಗಳನ್ನು ಇಟ್ಟವರೇ. 1931ರ 'ಟ್ರಪಾನಿಯಾ' ಎಂಬ ಕುಲನಾಮ ಈಗಲೂ ಬಳಕೆಯಲ್ಲಿದೆ. ಅವರಿಟ್ಟ ಇನ್ನು ಕೆಲವು ಹೆಸರುಗಳನ್ನು ಮುಂದಿನವರು ಹಳೆಯ ಹೆಸರುಗಳೊಳಗೆ ಸೇರಿಸಿಬಿಟ್ಟರು. ತಿದ್ದುವವರನ್ನೂ ಯಾರೋ ತಿದ್ದುತ್ತಾರೆ, ಈ ಕೆಲಸದ ಸ್ವಭಾವವೇ ಹಾಗೆ.

1954ರಲ್ಲಿ 'ಫೋನ್ ದ ಫ್ರಾನ್ಸ್' ಮಾಲೆಯ 58ನೇ ಸಂಪುಟ ಬಂತು. ಫ್ರಾನ್ಸಿನ ಸೀ ಸ್ಲಗ್‌ಗಳೂ ಅವುಗಳ ಬಳಗವೂ ಒಂದೇ ಪುಸ್ತಕದಲ್ಲಿ. ಬರೆದ ಪ್ರುವೋ-ಫೋಲ್ ಅವರಿಗೆ ಆಗ ಎಂಬತ್ತರ ಆಸುಪಾಸು. ಹೊಸದಾಗಿ ಈ ಕ್ಷೇತ್ರಕ್ಕೆ ಬಂದವರು ಬಾಟಲಿ ತೆರೆಯುವ ಮುಂಚೆ ತೆರೆಯಬಹುದಾದ ಪುಸ್ತಕ ಅದು.

1969ರಲ್ಲಿ ಟಾರ್ಡಿ ಎಂಬ ವಿಜ್ಞಾನಿ ಸೀ ಸ್ಲಗ್‌ಗಳ ಒಂದು ಕುಲಕ್ಕೆ 'ಪ್ರುವೋಫೋಲಿಯಾ' ಎಂದು ಹೆಸರಿಟ್ಟರು. ಆಲಿಸ್ ತೀರಿಕೊಂಡದ್ದು 1972ರಲ್ಲಿ. ಪಟ್ಟಿ ತಿದ್ದಿದವರ ಹೆಸರೂ ಕೊನೆಗೆ ಪಟ್ಟಿಯೊಳಗೆ ಬಂತು, ಅದೂ ಅವರು ಬದುಕಿದ್ದಾಗಲೇ.