ಕಿರುಸೈನಿಕರ ವರ್ಣಲೇಪನ: ಮೆಲಾಕಾ, 1511

ಇದು ಮೇಜಿನ ಮೇಲಿನ ಯುದ್ಧದಾಟಕ್ಕಾಗಿ ಲೋಹದ ಅಥವಾ ಪ್ಲಾಸ್ಟಿಕ್ಕಿನ ಪುಟ್ಟ ಸೈನಿಕರಿಗೆ ಬಣ್ಣ ಹಚ್ಚುವ ಹವ್ಯಾಸ. 28 ಮಿ.ಮೀ. ಗೊಂಬೆಗಳು ಹೆಚ್ಚು ಬಳಕೆಯಲ್ಲಿವೆ. ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಪ್ರಕಟಿಸಿ ಇಂಥ ಆಟವನ್ನು ಜನಪ್ರಿಯಗೊಳಿಸಿದರು.

1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡ ಪೋರ್ಚುಗೀಸ್ ಸೇನಾನಿ ಅಫೊನ್ಸೊ ದೆ ಆಲ್ಬುಕರ್ಕ್ ಮರುವರ್ಷ ಆಗಸ್ಟ್‌ನಲ್ಲಿ ಮಲಯ್ ಬಂದರು ನಗರ ಮೆಲಾಕಾವನ್ನೂ ಗೆದ್ದ. ಬಣ್ಣಗಾರನಿಗೆ ಈ ಕಾಳಗಕ್ಕಿಂತ ಸೊಗಸಾದ ವಸ್ತು ಸಿಗುವುದು ಕಷ್ಟ. ಒಂದೆಡೆ ಉಕ್ಕಿನ ಕವಚ ತೊಟ್ಟ ಪೋರ್ಚುಗೀಸರು, ಇನ್ನೊಂದೆಡೆ ಮೆಲಾಕಾದ ಸುಲ್ತಾನ್ ಮಹಮೂದ್ ಶಾಹನ ಯುದ್ಧದಾನೆಗಳು, ಸೊಂಟಕ್ಕೆ ಕ್ರಿಸ್ ಕಠಾರಿ ಸಿಕ್ಕಿಸಿಕೊಂಡ ಮಲಯ್ ಯೋಧರು. ಮೆಲಾಕಾದಲ್ಲಿ ಹಳದಿ ಅರಸುಮನೆತನಕ್ಕೆ ಮೀಸಲಾಗಿದ್ದ ಬಣ್ಣ. ಸಾಮಾನ್ಯ ಯೋಧನಿಗೆ ಅದನ್ನು ಬಳಿದರೆ ಇಡೀ ಪಡೆ ಸುಳ್ಳಾಗುತ್ತದೆ.

ಗೊಂಬೆಯನ್ನು ತೊಳೆದು, ಪ್ರೈಮರ್ ಎಂಬ ತಳಲೇಪ ಹೊಡೆದು, ನೀರು ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚುತ್ತಾರೆ. ನೀರಾದ ಕಂದು ಬಣ್ಣ ಬಟ್ಟೆಯ ನೆರಿಗೆಗಳಿಗಿಳಿದು ನೆರಳಾಗುತ್ತದೆ. ಆನೆಯ ಸುಕ್ಕುಚರ್ಮಕ್ಕೆ ಒಣಕುಂಚವೇ ಸರಿ: ಬಣ್ಣವನ್ನು ಬಟ್ಟೆಗೊರೆಸಿ, ಉಳಿದಷ್ಟನ್ನೇ ಉಬ್ಬುಗಳ ಮೇಲೆ ಹಗುರವಾಗಿ ಸವರಬೇಕು. ಮೇಜಿನ ದೃಶ್ಯ ಜೋಡಿಸುವಾಗಲೂ ಎಚ್ಚರ ಬೇಕು. ಪೋರ್ಚುಗೀಸರು ಯುದ್ಧಾನಂತರ ಕಟ್ಟಿದ ‘ಆ ಫಮೋಸಾ’ ಕೋಟೆಯಲ್ಲಿ ಇಂದು ಸಾಂಟಿಯಾಗೊ ದ್ವಾರ ಉಳಿದಿದೆ. 1511ರ ಕಾಳಗದ ಮೇಜಿನ ಮೇಲೆ ಆ ಕೋಟೆಯನ್ನಿಡುವುದು ತಪ್ಪು.